ಪದ ಪರಿಚಯ: ಪ್ಯಾಚ್

ಈ ವಾರ ಮತ್ತೆ ಅದೇ ಸಾಲು ಕಣ್ಣಿಗೆ ಬಿತ್ತು. "ವೆಬ್‌ಸೈಟಿಗೆ ಸುಮ್ನೆ ಪ್ಯಾಚ್ ಹಾಕಿದ್ದಾರೆ, ರಿಪೇರಿ ಮಾಡಿಲ್ಲ." ಬರೆದವರ ಸಿಟ್ಟಿಗೆ ಕಾರಣ ಇರಬಹುದು, ಆದರೆ ಪದ ತಪ್ಪು. ಸಾಫ್ಟ್‌ವೇರಿನಲ್ಲಿ ಪ್ಯಾಚ್ ಹಾಕುವುದೇ ರಿಪೇರಿ.

ತೊಂದರೆ ನಮ್ಮ ತೇಪೆಯಿಂದ ಶುರುವಾಗುತ್ತದೆ. ಪ್ಯಾಚ್ ಅಂದ ಕೂಡಲೇ ತೇಪೆ ನೆನಪಾಗುತ್ತದೆ, ಅಲ್ವಾ? ತೇಪೆ ಹಚ್ಚುವುದು ಅಂದರೆ ನಮಗೆ ರಸ್ತೆ ಗುಂಡಿಗೆ ಮಳೆಗಾಲದ ಮುಂಚೆ ಒಂದಿಷ್ಟು ಟಾರು ಸುರಿಯುವುದು, ಜಗಳ ಬಗೆಹರಿಯದಿದ್ದರೂ ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸುವುದು. ಮೇಲೆ ಮುಚ್ಚಿದೆ, ಒಳಗೆ ಹಾಗೇ ಇದೆ ಅನ್ನುವ ಅರ್ಥ ಆ ಪದಕ್ಕೆ ಅಂಟಿಬಿಟ್ಟಿದೆ.

ಕಂಪ್ಯೂಟರಿನ ಪ್ಯಾಚ್ ಹಾಗೆ ಹುಟ್ಟಿದ್ದಲ್ಲ. 1944ರ ಹಾರ್ವರ್ಡ್ ಮಾರ್ಕ್ 1 ಯಂತ್ರಕ್ಕೆ ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಆದೇಶ ಕೊಡುತ್ತಿದ್ದರು. ತಪ್ಪು ಜಾಗದಲ್ಲಿ ತೂತು ಬಿದ್ದಿದ್ದರೆ ಅದರ ಮೇಲೆ ಕಾಗದದ ಚೂರು ಅಂಟಿಸುತ್ತಿದ್ದರು. ಆ ಚೂರೇ ಪ್ಯಾಚ್. ಪಟ್ಟಿಯಲ್ಲಿ ತಪ್ಪಿದ್ದ ಭಾಗವನ್ನೇ ಕತ್ತರಿಸಿ ಹೊಸ ತುಂಡು ಕೂಡಿಸುವುದಕ್ಕೂ ಅದೇ ಹೆಸರು ಬಂತು. ಇಲ್ಲಿ ತೂತು ಮುಚ್ಚಿದರೆ ಆದೇಶವೇ ಬದಲಾಗುತ್ತದೆ, ಹಳೆಯ ತಪ್ಪು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. 1985ರಲ್ಲಿ ಲ್ಯಾರಿ ವಾಲ್ ಬರೆದ ಪ್ರೋಗ್ರಾಮಿನ ಹೆಸರೂ ಪ್ಯಾಚ್: ಯಾವ ಸಾಲು ತೆಗೆಯಬೇಕು, ಯಾವುದನ್ನು ಸೇರಿಸಬೇಕು ಅಂತ ಬರೆದುಕೊಟ್ಟರೆ ಅದು ಮೂಲ ಕೋಡನ್ನೇ ತಿದ್ದುತ್ತದೆ. ಬಟ್ಟೆಯ ಹೋಲಿಕೆಯೇ ಬೇಕಿದ್ದರೆ ರಫು ಅನ್ನಿ. ಅಲ್ಲಿ ಹರಿದ ಜಾಗಕ್ಕೆ ನೂಲು ಸೇರಿಸಿ ನೇಯುತ್ತಾರೆ.

ಪದವನ್ನು ಹಗುರ ಮಾಡಿದರೆ ಕೆಲಸವೂ ಹಗುರ ಅನ್ನಿಸಿಬಿಡುತ್ತದೆ, ನನ್ನ ಬೇಸರ ಅದಕ್ಕೇ ಜಾಸ್ತಿ. 2017ರ ಮಾರ್ಚ್‌ನಲ್ಲಿ, ವೆಬ್ ಆ್ಯಪ್ ಕಟ್ಟಲು ಬಳಸುವ ಅಪಾಚೆ ಸ್ಟ್ರಟ್ಸ್ ಅನ್ನುವ ಸಾಫ್ಟ್‌ವೇರಿನ ಒಂದು ದೋಷಕ್ಕೆ ಪ್ಯಾಚ್ ಬಂತು. ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿ ತನ್ನ ಒಂದು ವೆಬ್ ಪೋರ್ಟಲಿಗೆ ಅದನ್ನು ಹಾಕಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅದೇ ದಾರಿಯಲ್ಲಿ ನುಗ್ಗಿದರು, ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು.

ಅಪ್‌ಡೇಟ್ ದೊಡ್ಡ ಪದ, ಪ್ಯಾಚ್ ಅದರೊಳಗಿನ ಒಂದು ಬಗೆ. ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆ 2.4.7 ಅಂತ ಇದ್ದರೆ ಸಾಮಾನ್ಯವಾಗಿ ಕೊನೆಯ 7 ಪ್ಯಾಚಿನ ಲೆಕ್ಕ: ಹೊಸ ಸೌಲಭ್ಯ ಇಲ್ಲ, ಇದ್ದ ತಪ್ಪು ತಿದ್ದಿದೆ. ವೆಬ್‌ಸೈಟ್ ನಡೆಸಲು ಬಳಸುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ 2013ರ 3.7 ಆವೃತ್ತಿಯಿಂದ ಇಂಥ ಸಣ್ಣ ಅಪ್‌ಡೇಟುಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. ವೆಬ್ ಆ್ಯಪ್‌ನ ಪ್ಯಾಚ್ ಹೆಚ್ಚಾಗಿ ಸರ್ವರಿನಲ್ಲೇ ಬೀಳುವುದರಿಂದ ಬಳಸುವವರಿಗೆ ಗೊತ್ತೂ ಆಗುವುದಿಲ್ಲ. ನಿನ್ನೆ ಅರ್ಧಕ್ಕೆ ನಿಲ್ಲುತ್ತಿದ್ದ ಫಾರ್ಮ್ ಇವತ್ತು ಸಲೀಸಾಗಿ ಹೋಗುತ್ತದೆ, ಅಷ್ಟೇ.

ಹಾಗಾದರೆ ಆ ಸಿಟ್ಟಿನ ಸಾಲಿಗೆ ಯಾವ ಪದ ಬೇಕಿತ್ತು? ವರ್ಕರೌಂಡ್. "ಬಟನ್ ಕೆಲಸ ಮಾಡದಿದ್ದರೆ ಬೇರೆ ಬ್ರೌಸರಿನಲ್ಲಿ ಪ್ರಯತ್ನಿಸಿ" ಅಂತ ನೋಟಿಸ್ ಹಾಕಿ, ಬಟನ್ ಹಾಗೇ ಬಿಟ್ಟಿರುತ್ತಾರಲ್ಲ, ಅದು. ಅದನ್ನು ಧಾರಾಳವಾಗಿ ತೇಪೆ ಅನ್ನಿ.