ದೊಡ್ಡ ಪ್ರಿಂಟಿಗೆ ಮೂಲ ಫೋಟೊವನ್ನೇ ತನ್ನಿ

ನಮ್ಮ ಲ್ಯಾಬಿಗೆ ದೊಡ್ಡ ಪ್ರಿಂಟ್ ಬಯಸಿ ಬರುವವರಲ್ಲಿ ಅನೇಕರು ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನೇ ತೋರಿಸಿ, ‘ಮೊಬೈಲಿನಲ್ಲಿ ಇಷ್ಟು ಚೆನ್ನಾಗಿ ಕಾಣುತ್ತಿದೆಯಲ್ಲ, ಹೀಗೆಯೇ ದೊಡ್ಡದು ಮಾಡಿಕೊಡಿ’ ಎನ್ನುತ್ತಾರೆ. ವಿವರಿಸಿ ವಿವರಿಸಿ ಬೇಸತ್ತಿದ್ದರೂ ಇನ್ನೊಮ್ಮೆ ವಿವರಿಸುತ್ತೇನೆ, ಏಕೆಂದರೆ ಒಳ್ಳೆಯ ಫೋಟೊಗಳು ಗೋಡೆ ಸೇರುವ ಮೊದಲೇ ಕೆಡುವುದನ್ನು ನನ್ನಿಂದ ನೋಡಲಾಗುವುದಿಲ್ಲ.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಗಲಕ್ಕೆ 6000, ಎತ್ತರಕ್ಕೆ 4000 ಪಿಕ್ಸೆಲ್‌ಗಳಿರುತ್ತವೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊದಂತೆ ಕಳುಹಿಸಿದಾಗ ನನ್ನ ಕೈಸೇರುವ ಪ್ರತಿಯ ಉದ್ದದ ಬದಿಯಲ್ಲಿ ಸಾಮಾನ್ಯವಾಗಿ 1600ರ ಆಸುಪಾಸಿನಷ್ಟೇ ಉಳಿದಿರುತ್ತವೆ. 36 ಇಂಚು ಅಗಲದ ಪ್ರಿಂಟಿನಲ್ಲಿ ಮೂಲ ಫೋಟೊ ಇಂಚಿಗೆ ಸುಮಾರು 167 ಪಿಕ್ಸೆಲ್ ಒದಗಿಸಿದರೆ ಈ ಪ್ರತಿ ಒದಗಿಸುವುದು 44 ಮಾತ್ರ. ಐದಾರು ಅಡಿ ದೂರದಿಂದ ನೋಡುವ ಗೋಡೆಯ ಚಿತ್ರಕ್ಕೆ ಮೊದಲನೆಯದು ಧಾರಾಳವಾಗಿ ಸಾಕು. ಎರಡನೆಯದರಲ್ಲಿ ಮುಖಗಳು ಮೇಣ ಮೆತ್ತಿದಂತೆ, ಮರದ ಎಲೆಗಳು ಕಲಸಿಹೋದಂತೆ ಕಾಣುತ್ತವೆ. ಅಂಗೈಯಗಲದ ಪರದೆ ಈ ಕೊರತೆಯನ್ನು ಮುಚ್ಚಿಡುತ್ತದೆ, ಅಷ್ಟೆ. ಕಂಪ್ಯೂಟರಿನಲ್ಲಿ ‘300 ಡಿಪಿಐ’ (ಇಂಚಿಗೆ 300 ಚುಕ್ಕೆ) ಎಂದು ಬದಲಿಸಿ ತಂದರೂ ಕಳೆದುಹೋದ ವಿವರ ಮರಳುವುದಿಲ್ಲ. ಹಿಗ್ಗಿಸುವ ತಂತ್ರಾಂಶಗಳು ಕೆಲವೊಮ್ಮೆ ನೆರವಾಗುತ್ತವೆಯಾದರೂ ಅವು ತುಂಬುವುದು ಊಹೆಯನ್ನು, ಆದ್ದರಿಂದ ಮನೆಯವರ ಮುಖಗಳಿಗೆ ಅವನ್ನು ಬಳಸಲು ನಾನು ಹಿಂಜರಿಯುತ್ತೇನೆ. ಮೆಮೊರಿ ಕಾರ್ಡನ್ನೇ ತನ್ನಿ, ಇಲ್ಲವೇ ಫೋಟೊವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ.

ಮೂಲ ಫೋಟೊ ತಂದರೆ ಎಲ್ಲವೂ ಸರಿಹೋಗುತ್ತದೆಂದು ಮಾತು ಕೊಡಲಾರೆ. ಕೈ ಅಲುಗಿದ್ದರೆ ಅಥವಾ ಫೋಕಸ್ ತಪ್ಪಿದ್ದರೆ ಪ್ರಿಂಟ್ ಹಿರಿದಾದಷ್ಟೂ ಆ ದೋಷ ಎದ್ದು ಕಾಣುವುದರಿಂದ, ಚಿತ್ರದ ಒಂದು ತುಂಡನ್ನಷ್ಟೇ ದೊಡ್ಡ ಪ್ರಿಂಟಿನ ಅಳತೆಯಲ್ಲಿ ಮೊದಲು ಪ್ರಿಂಟ್ ತೆಗೆದು ತೋರಿಸುವುದು ನನ್ನ ರೂಢಿ.

ಹಂಪಿಯ ಮಾತಂಗ ಬೆಟ್ಟವನ್ನು ನಸುಕಿನಲ್ಲೇ ಹತ್ತಿ ಫೋಟೊ ತೆಗೆದಿದ್ದ ನಿವೃತ್ತ ಮೇಷ್ಟ್ರೊಬ್ಬರು ಹೀಗೆಯೇ ಮಗಳು ಮರಳಿ ಕಳುಹಿಸಿದ್ದ ಪ್ರತಿಯೊಂದಿಗೆ ಬಂದರು. ‘ಮೇಷ್ಟ್ರೇ, ಕಾರ್ಡು ಸಿಗುವವರೆಗೆ ನಾನು ಇದನ್ನು ಮುಟ್ಟುವುದಿಲ್ಲ’ ಎಂದಾಗ ಅವರಿಗೆ ಬೇಸರವಾಯಿತು, ನನಗೂ ಆಯಿತು. ಮೂರು ದಿನ ಬಿಟ್ಟು, ಹಳೆಯ ಬ್ಯಾಗಿನ ಮೂಲೆಯಲ್ಲಿ ಸಿಕ್ಕ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಮ್ಯಾಟ್ ಕಾಗದದ ಮೇಲೆ 24 ಇಂಟು 36 ಇಂಚಿನ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆ. ಮೊದಲು ದೂರ ನಿಂತು ಅಚ್ಯುತರಾಯ ದೇವಾಲಯದ ಪ್ರಾಕಾರವನ್ನು ನೋಡಿದರು. ಆಮೇಲೆ ಹತ್ತಿರ ಬಂದು, ಕನ್ನಡಕ ತೆಗೆದು, ತುಂಗಭದ್ರೆಯ ಮೇಲೆ ಬಾಗಿದರು. ವಾಟ್ಸ್‌ಆ್ಯಪ್ ಪ್ರತಿಯಲ್ಲಿ ಕಪ್ಪು ಚುಕ್ಕೆಯಾಗಿದ್ದದ್ದು ಇಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹರಿಗೋಲಾಗಿತ್ತು. ಅದರಲ್ಲಿ ಇಬ್ಬರು ಕುಳಿತಿದ್ದರು. ‘ಅಂದು ನಾನು ಇವರನ್ನು ನೋಡಿರಲೇ ಇಲ್ಲ’ ಎಂದ ಮೇಷ್ಟ್ರು, ಕುರ್ಚಿ ಎಳೆದುಕೊಂಡು ಆ ಮೂಲೆಯ ಎದುರಿಗೇ ಕುಳಿತುಬಿಟ್ಟರು.