ನಾಲ್ಕು ಜನದ ಉಪ್ಪಿಟ್ಟು ನೂರು ಜನಕ್ಕೆ ಮಾಡೋ ಲೆಕ್ಕ

ಗೃಹಪ್ರವೇಶ, ನಾಮಕರಣ ಅಂದ್ರೆ ಈಗ ಎಷ್ಟೋ ಮನೆಯವ್ರು ಬೆಳಗ್ಗೆ ಟಿಫನ್ ನಾವೇ ಮಾಡ್ಕೋತೀವಿ, ಮಧ್ಯಾಹ್ನದ ಊಟ ಮಾತ್ರ ನಿಮ್ದು ಅಂತಾರೆ, ಆಮೇಲೆ ಹಿಂದಿನ ರಾತ್ರಿ ಫೋನ್ ಬರುತ್ತೆ. ‘ಭಟ್ರೇ, ನಾಲ್ಕು ಜನಕ್ಕೆ ಎರಡು ಲೋಟ ರವೆ ಹಾಕ್ತೀವಿ, ನೂರು ಜನಕ್ಕೆ ಐವತ್ತು ಲೋಟ ತಾನೇ?’ ರವೆ ಹೆಚ್ಚುಕಮ್ಮಿ ಹೌದು. ನೀರು ಅಲ್ಲ, ಎಣ್ಣೆ ಅಲ್ಲ, ಟೈಮಂತೂ ಅಲ್ಲವೇ ಅಲ್ಲ.

ನೀರಿಂದಾನೇ ಶುರು ಮಾಡೋಣ, ಜಾಸ್ತಿ ಜನ ಕೆಡಿಸೋದು ಇದನ್ನೇ. ಪಾತ್ರೆ ಅಗಲಾನೂ ಎತ್ತರಾನೂ ಡಬಲ್ ಆದ್ರೆ ಒಳಗೆ ಎಂಟು ಪಟ್ಟು ಹಿಡಿಯುತ್ತೆ, ಆದ್ರೆ ಆವಿ ಹೋಗೋ ಬಾಯಿ ದೊಡ್ಡದಾಗಿರೋದು ನಾಲ್ಕೇ ಪಟ್ಟು. ಅಂದ್ರೆ ಒಂದೊಂದು ಲೋಟ ನೀರಿನ ಪಾಲಿಗೆ ಹಾರಿಹೋಗೋ ಆವಿ ಅರ್ಧಕ್ಕೆ ಇಳೀತು. ಅದರ ಮೇಲೆ ದೊಡ್ಡ ಪಾತ್ರೆ ಒಲೆ ಆರಿಸಿದ ಮೇಲೂ ಬೇಗ ತಣ್ಣಗಾಗಲ್ಲ, ಒಳಗಿನ ಬಿಸೀಲೇ ರವೆ ಬೇಯ್ತಾ ಇರುತ್ತೆ. ಮನೇಲಿ ಒಂದಕ್ಕೆ ಮೂರು ನೀರು ಹಾಕೋರು ನೂರು ಜನಕ್ಕೂ ಅದೇ ಹಿಡಿದ್ರೆ ಬಡಿಸೋದು ಉಪ್ಪಿಟ್ಟಲ್ಲ, ಗಂಜಿ. ನಾನು ಒಂದಕ್ಕೆ ಎರಡೂವರೆ ಹಾಕಿ, ಪಕ್ಕದ ಒಲೇಲಿ ಒಂದು ಪಾತ್ರೆ ಕುದಿಯೋ ನೀರು ಇಟ್ಕೊಂಡಿರ್ತೀನಿ, ಬೇಕಾದ್ರೆ ಸುರೀಬಹುದು, ಹಾಕಿದ್ದನ್ನ ವಾಪಸ್ ತೆಗೆಯೋಕಾಗಲ್ಲ ನೋಡಿ. ತಣ್ಣೀರು ಮಾತ್ರ ಸುರೀಬೇಡಿ, ಅಷ್ಟು ದೊಡ್ಡ ಪಾತ್ರೆ ತಿರುಗಿ ಕುದಿಯೋ ಹೊತ್ತಿಗೆ ರವೆ ಗಂಟುಗಂಟಾಗಿರುತ್ತೆ.

ಉಪ್ಪಿನ ವಿಷಯದಲ್ಲಿ ಎಲ್ರೂ ಹೇಳೋದು ದೊಡ್ಡ ಅಡುಗೆಗೆ ಉಪ್ಪು ಲೆಕ್ಕಕ್ಕಿಂತ ಕಮ್ಮಿ ಹಾಕ್ಬೇಕು ಅಂತ. ನಾನು ಇದನ್ನ ಪೂರ್ತಿ ಒಪ್ಪಲ್ಲ. ನೀರು ಕಮ್ಮಿ ಆಗಿದ್ರೆ ಉಪ್ಪೂ ಅಷ್ಟು ಕಮ್ಮಿ, ಸರಿ, ಅದು ಬಿಟ್ರೆ ತಪ್ಪು ಇರೋದು ಚಮಚದಲ್ಲಿ. ಮನೇಲಿ ಗೋಪುರ ಬಂದಿರೋ ಒಂದು ಚಮಚಾನ ‘ಒಂದು ಚಮಚ’ ಅಂತ ಬರೆದಿರ್ತಾರೆ, ಇನ್ನೊಬ್ರು ತಲೆ ಸವರಿ ಹಾಕ್ತಾರೆ, ನಾಲ್ಕು ಜನಕ್ಕೆ ಈ ವ್ಯತ್ಯಾಸ ಗೊತ್ತಾಗಲ್ಲ, ಇಪ್ಪತ್ತೈದರಿಂದ ಗುಣಿಸಿದ್ರೆ ಊಟ ಬಿಟ್ಟು ಏಳ್ತಾರೆ. ಪುಡಿ ಉಪ್ಪಿಗೂ ಕಲ್ಲುಪ್ಪಿಗೂ ಚಮಚದ ಅಳತೆ ಒಂದೇ ಅಲ್ಲ, ಕಲ್ಲುಪ್ಪಲ್ಲಿ ಹರಳಿನ ಮಧ್ಯೆ ಗಾಳಿ ಇರುತ್ತೆ, ತೂಕ ಕಮ್ಮಿ ಬರುತ್ತೆ. ಅದಕ್ಕೇ ಸಣ್ಣದೊಂದು ಡಿಜಿಟಲ್ ತಕ್ಕಡಿ ತಗೊಂಡು, ಮನೇಲಿ ಮಾಡೋ ದಿನಾನೇ ಗ್ರಾಂನಲ್ಲಿ ಬರ್ಕೊಂಡುಬಿಡಿ.

ಒಗ್ಗರಣೆಗೆ ಬಂದ್ರೆ, ನಾಲ್ಕು ಜನದ ಸಾರಿಗೆ ಎರಡು ದೊಡ್ಡ ಚಮಚ ತುಪ್ಪ ಅಂದ್ರೆ ನೂರು ಜನಕ್ಕೆ ಐವತ್ತು ಚಮಚ, ಮುಕ್ಕಾಲು ಲೀಟರ್ ಹತ್ರ ಹೋಗುತ್ತೆ. ಅಷ್ಟೊಂದು ಯಾಕೆ? ಮನೇಲಿ ಆ ಎರಡು ಚಮಚ ಹಾಕಿದ್ದೇ ಬಾಣಲೆ ತಳ ಮುಚ್ಚಿ ಸಾಸಿವೆ ಸಿಡೀಲಿ ಅಂತ. ದೊಡ್ಡ ಬಾಣಲೇಲಿ ಅದರ ಅರ್ಧ ಸಾಕು, ಇಲ್ದಿದ್ರೆ ಸಾರಿನ ಮೇಲೆ ಜಿಡ್ಡು ತೇಲುತ್ತೆ. ಲವಂಗ, ಚಕ್ಕೆ, ಇಂಗೂ ಹಂಗೇ, ಪಾತ್ರೆ ಕುದಿಯೋ ಹೊತ್ತು ಜಾಸ್ತಿ, ಸಾರ ಜಾಸ್ತಿ ಬಿಡುತ್ತೆ, ಲೆಕ್ಕದ ಮುಕ್ಕಾಲು ಪಾಲು ಹಾಕಿ ರುಚಿ ನೋಡಿ. ಈರುಳ್ಳಿ ಇದಕ್ಕೆ ಉಲ್ಟಾ. ಐದು ಕೆಜಿ ಒಟ್ಟಿಗೆ ಸುರಿದ್ರೆ ಅದು ಬಿಟ್ಟ ನೀರಲ್ಲೇ ಬೇಯುತ್ತೆ, ಹುರಿಯೋದಿಲ್ಲ, ಕಂತು ಕಂತಾಗಿ ಹುರೀಬೇಕು.

ಸ್ವೀಟಲ್ಲಿ ನನ್ನ ಸಲಹೆ ಒಂದೇ, ಹೊಸಬರು ಮೈಸೂರು ಪಾಕಾನ ಒಂದೇ ಸಲ ಡಬಲ್ ಮಾಡ್ಬೇಡಿ, ಎರಡು ಸಲ ಮಾಡಿ. ಒಂದೆಳೆ ಪಾಕ ಬರೋದು 105 ಡಿಗ್ರಿ ಆಸುಪಾಸಲ್ಲಿ, ಅರ್ಧ ಕೆಜಿ ಸಕ್ಕರೆಗೂ ಅಷ್ಟೇ, ಹತ್ತು ಕೆಜಿಗೂ ಅಷ್ಟೇ, ಬದಲಾಗೋದು ಅಲ್ಲಿಗೆ ತಲುಪೋ ಹೊತ್ತು ಮಾತ್ರ. ಹಾಗಾಗಿ ‘ಎಂಟು ನಿಮಿಷ ಕುದಿಸಿ’ ಅನ್ನೋ ರೆಸಿಪಿ ದೊಡ್ಡ ಅಳತೆಗೆ ಕೆಲಸಕ್ಕೆ ಬರಲ್ಲ, ಬೆರಳ ಮಧ್ಯೆ ಎಳೆ ನೋಡ್ಲೇಬೇಕು. ಕಡ್ಲೆಹಿಟ್ಟು ಬಿದ್ದ ಮೇಲೆ ಇನ್ನೊಂದು ಕಷ್ಟ, ಮಾಲು ಜಾಸ್ತಿ ಆದಷ್ಟು ಸಟ್ಟುಗ ತಿರುಗಲ್ಲ, ಕೈ ಒಂದು ಕ್ಷಣ ನಿಂತ್ರೂ ತಳ ಹಿಡಿಯುತ್ತೆ. ತಟ್ಟೆಗೆ ದಪ್ಪಗೆ ಸುರಿದ್ರೆ ಮೇಲೆ ಕೆಳಗೆ ಬೇಗ ಆರುತ್ತೆ, ನಡುವೆ ಬಿಸಿ ನಿಂತು ಹಿಟ್ಟು, ಸಕ್ಕರೆ ಇನ್ನೂ ಕೆಂಪಾಗುತ್ತೆ. ಗಟ್ಟಿ ಮೈಸೂರು ಪಾಕ ಕತ್ತರಿಸಿದಾಗ ಮಧ್ಯೆ ಕಾಣೋ ಕಂದು ಪಟ್ಟಿ ಇದೇನೇ. ಅದು ಬೇಕು ಅನ್ನೋರು ದಪ್ಪಗೆ ಸುರೀರಿ, ಕಾಲು ಕೆಜಿ ಮಾಡಿ ತೆಳ್ಳಗೆ ಹರಡಿದ್ರೆ ಆ ಬಣ್ಣ ಬರಲ್ಲ.

ಇಡ್ಲಿ ಹಿಟ್ಟಿಗೂ ಈ ಬಿಸಿಯದ್ದೇ ಕಾಟ. ಗ್ರೈಂಡರಲ್ಲಿ ರುಬ್ಬೋವಾಗಲೇ ಬೆಚ್ಚಗಾಗಿರುತ್ತೆ, ದೊಡ್ಡ ಡ್ರಮ್ಮಿಗೆ ತುಂಬಿದ್ರೆ ಆ ಬಿಸಿ ಹೊರಗೆ ಹೋಗಲ್ಲ, ಏಪ್ರಿಲ್ ತಿಂಗಳಲ್ಲಿ ಮಧ್ಯರಾತ್ರಿಗೇ ಹುಳಿ ವಾಸನೆ. ರುಬ್ಬೋಕೆ ಐಸ್ ನೀರು ಹಾಕಿ, ನಾಲ್ಕೈದು ಪಾತ್ರೆಗೆ ಹಂಚಿಡಿ.

ಮಿಕ್ಕ ಅನ್ನ, ಹುಳಿ ಬಗ್ಗೆ ಸ್ವಲ್ಪ ಸ್ಟ್ರಿಕ್ಟಾಗೇ ಹೇಳ್ತೀನಿ. ಬಿಸಿ ಊಟ 60 ಡಿಗ್ರಿ ಮೇಲಿರ್ಬೇಕು, ಎತ್ತಿಡೋದಾದ್ರೆ ಬೇಗ ಫ್ರಿಜ್ಜಿನ ತಂಪಿಗೆ ಇಳೀಬೇಕು, ಮಧ್ಯದಲ್ಲಿ ಉಗುರುಬೆಚ್ಚಗೆ ಗಂಟೆಗಟ್ಲೆ ಕೂತ್ರೆ ಬ್ಯಾಕ್ಟೀರಿಯಾ ಬೆಳೆಯುತ್ತೆ. ಮನೆ ಪಾತ್ರೆ ತಾನಾಗೇ ಬೇಗ ಆರುತ್ತೆ, ಕೊಪ್ಪರಿಗೆ ಸಾಯಂಕಾಲದವರೆಗೂ ಬೆಚ್ಚಗಿರುತ್ತೆ, ಅದನ್ನೇ ಹಂಗೇ ಮುಚ್ಚಿಟ್ಟು ರಾತ್ರಿ ಬಡಿಸ್ತಾರೆ. ಅನ್ನಾನ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಆರಿಸಿ. ಅನ್ನಕ್ಕೆ ಸೇರೋ ಒಂದು ಜಾತಿ ಬ್ಯಾಕ್ಟೀರಿಯಾ ಬಿಡೋ ವಿಷ ತಿರುಗಿ ಬಿಸಿ ಮಾಡಿದ್ರೂ ಹೋಗಲ್ಲ.

ಇನ್ನು ಒಬ್ಬೊಬ್ರೇ ಇರೋರು, ಅಮ್ಮನ ರೆಸಿಪಿನ ಕಾಲು ಭಾಗ ಮಾಡ್ಕೊಳ್ಳೋರು. ಐದು ಲೀಟರ್ ಕುಕ್ಕರಿಗೆ ಕಾಲು ಲೋಟ ಬೇಳೆ, ಅದರ ಲೆಕ್ಕಕ್ಕೆ ನೀರು ಅಂತ ಹಾಕಿದ್ರೆ ವಿಷಲ್ ಬರೋಕೆ ಮುಂಚೆನೇ ನೀರು ಇಂಗಿ ಸೀದುಹೋಗುತ್ತೆ, ಆವಿ ತುಂಬೋಕೆ ಕುಕ್ಕರಿಗೆ ಕೇಳೋ ನೀರು ಬೇಳೆ ಕಮ್ಮಿ ಆಯ್ತು ಅಂತ ಕಮ್ಮಿ ಆಗಲ್ಲ. ಕುಕ್ಕರ್ ತಳಕ್ಕೆ ಒಂದೆರಡು ಲೋಟ ನೀರು ಹಾಕಿ, ಬೇಳೆನ ಸಣ್ಣ ಡಬ್ಬೀಲಿ ಒಳಗಿಡಿ. ವಿಷಲ್ ಮಾತ್ರ ಕಾಲು ಭಾಗ ಮಾಡ್ಬೇಡಿ, ಮನೆಮಂದಿಗೆಲ್ಲ ಮಾಡೋವಾಗ ಎಷ್ಟು ಕೂಗಿಸ್ತಿದ್ರೋ ಅಷ್ಟೇ ಕೂಗಿಸಿ.