ಕಿರಣ್‌ನಿಂದ ಮಿಗ್‌ಗೆ: ನಡುವೆ ಇಲ್ಲದ ಮೆಟ್ಟಿಲು

ಮಿಗ್-21 ಫೈಟರ್ ವಿಮಾನದ ಎರಡು ಸೀಟಿನ ತರಬೇತಿ ಮಾದರಿ ಯುಎಂನಲ್ಲಿ ಒಂದು ಪೆರಿಸ್ಕೋಪ್ ಇತ್ತು. ಸಬ್‌ಮರೀನ್‌ನಲ್ಲಿ ಇರುತ್ತಲ್ಲ, ಹಾಗೇ. ಈ ವಿಮಾನ ಇಳಿಯುವಾಗ ಮೂತಿ ಎತ್ತಿಕೊಂಡೇ ಬರುತ್ತಿತ್ತು, ಅದೂ ಗಂಟೆಗೆ 300 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ. ಹಿಂದೆ ಕೂತ ಇನ್‌ಸ್ಟ್ರಕ್ಟರ್‌ಗೆ ಎದುರಿಗೆ ಕಾಣುತ್ತಿದ್ದದ್ದು ಶಿಷ್ಯನ ಸೀಟಿನ ಬೆನ್ನು. ರನ್‌ವೇ ನೋಡಬೇಕೆಂದರೆ ತಲೆಯ ಮೇಲಿನ ಆ ಪುಟ್ಟ ಕನ್ನಡಿಯೇ ಗತಿ.

ಈ ವಿಮಾನ ಹತ್ತುವ ಮುಂಚೆ ಆ ಶಿಷ್ಯ ಹುಡುಗ ಹಾರಿಸಿ ಬಂದಿದ್ದು ಕಿರಣ್ ಎಂಬ ತರಬೇತಿ ಜೆಟ್. ಅದರಲ್ಲಿ ಗುರು ಶಿಷ್ಯರಿಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಹುಡುಗನ ಕೈ ಗಟ್ಟಿಯಾಗಿ ಸ್ಟಿಕ್ ಹಿಡಿದಿದೆಯಾ, ಮುಖ ಬಾಡಿದೆಯಾ ಅನ್ನೋದೆಲ್ಲ ಗುರುವಿಗೆ ಪಕ್ಕದಲ್ಲೇ ಕಾಣುತ್ತದೆ. ವೇಗ ಕಡಿಮೆ, ಸಣ್ಣ ತಪ್ಪನ್ನು ಸಹಿಸಿಕೊಳ್ಳುತ್ತದೆ. ಮಿಗ್-21ರ ತ್ರಿಕೋನ ರೆಕ್ಕೆ ಹಾಗಲ್ಲ. ಇಳಿಯುವಾಗ ವೇಗ ಸ್ವಲ್ಪ ಕುಸಿದರೂ ಸರ್ರನೆ ಕೆಳಗಿಳಿಯುತ್ತದೆ. ಇವೆರಡರ ನಡುವೆ ಒಂದು ಮೆಟ್ಟಿಲು ಬೇಕಿತ್ತು, ಅಲ್ವಾ?

ಶುರುವಿನಲ್ಲಿ ಮೆಟ್ಟಿಲುಗಳು ಚೆನ್ನಾಗಿಯೇ ಇದ್ದವು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ (ಇಂದಿನ ಎಚ್‌ಎಎಲ್) ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ. ಬಾಲದ ಪುಟ್ಟ ಚಕ್ರದ ಮೇಲೆ ಕುಕ್ಕರಗಾಲಲ್ಲಿ ಕೂತಂತೆ ಕಾಣುವ ಈ ವಿಮಾನ ಎಚ್‌ಎಎಲ್ ಮ್ಯೂಸಿಯಂನಲ್ಲಿದೆ. ಅಲ್ಲಿ ಹೋದವರು ಸುಮ್ನೆ ದಾಟಿ ಹೋಗಬೇಡಿ. ಸ್ವತಂತ್ರ ಭಾರತ ತಾನೇ ವಿನ್ಯಾಸ ಮಾಡಿ ಹಾರಿಸಿದ ಮೊದಲ ತರಬೇತಿ ವಿಮಾನ ಅದು. ಅದೇ ಊರಿನ ಕಿರಣ್ ಹಾರಿದ್ದು 1964ರಲ್ಲಿ. ಅಷ್ಟರಲ್ಲಿ, 1963ರಲ್ಲಿ, ಮಿಗ್-21 ವಾಯುಪಡೆಗೆ ಬಂದಾಗಿತ್ತು. ಮೊದಮೊದಲು ಹಂಟರ್‌ನಂಥ ಹಳೆಯ ಫೈಟರ್‌ಗಳು ನಡುವಿನ ಮೆಟ್ಟಿಲಾಗಿದ್ದವು. ಅವು ವಯಸ್ಸಾಗಿ ಸರಿಯುತ್ತಾ ಹೋದ ಹಾಗೆ ಜಾಗ ಖಾಲಿಯಾಯಿತು.

1982ರಲ್ಲಿ ಏರ್ ಮಾರ್ಷಲ್ ಡೆನಿಸ್ ಲಾ ಫಾಂಟೇನ್ ನೇತೃತ್ವದ ಸಮಿತಿ, ಈ ಖಾಲಿ ಜಾಗಕ್ಕೆ ಒಂದು ಅಡ್ವಾನ್ಸ್ಡ್ ಜೆಟ್ ಟ್ರೈನರ್ (ಮುಂದುವರಿದ ಹಂತದ ತರಬೇತಿ ಜೆಟ್) ಬೇಕೇ ಬೇಕು ಎಂದಿತು. ಬ್ರಿಟನ್ನಿನ ಹಾಕ್, ಯುರೋಪಿನ ಆಲ್ಫಾ ಜೆಟ್ ಎರಡನ್ನೂ ನೋಡಿದರು. ಬೆಲೆಯ ಮಾತುಕತೆ ಎಳೆಯುತ್ತಲೇ ಹೋಯಿತು, ಸರ್ಕಾರಗಳು ಬದಲಾದವು. 66 ಹಾಕ್ ವಿಮಾನಗಳಿಗೆ ಸಹಿ ಬಿದ್ದದ್ದು 2004ರ ಮಾರ್ಚ್‌ನಲ್ಲಿ. ಅಂದರೆ 22 ವರ್ಷ! ಸಮಿತಿ ವರದಿ ಕೊಟ್ಟ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಬೆಳೆದು ಪೈಲಟ್ ಆಗುವ ವಯಸ್ಸಿಗೆ ಬಂದಿತ್ತು. ಮಿಗ್ ಅಪಘಾತಗಳಿಗೆ ಎಂಜಿನ್ ದೋಷ, ಹಕ್ಕಿ ಡಿಕ್ಕಿ ಹೀಗೆ ಕಾರಣ ಹಲವು, ನಿಜ. ಆದರೆ ಬೇಕು ಅಂತ ಗೊತ್ತಿದ್ದೂ ಒಂದು ಮೆಟ್ಟಿಲು ಕಟ್ಟದೆ ಎಳೆಯ ಪೈಲಟ್‌ಗಳನ್ನು ಹತ್ತಿಸಿದೆವಲ್ಲ, ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

2008ರ ಫೆಬ್ರುವರಿಯಲ್ಲಿ ಬೀದರ್‌ನಲ್ಲಿ ಹಾಕ್ ಸೇವೆಗೆ ಸೇರಿತು. ಅದರ ಹಿಂದಿನ ಸೀಟು ಎತ್ತರದಲ್ಲಿದೆ. ಗುರು ಶಿಷ್ಯನ ತಲೆಯ ಮೇಲಿಂದ ನೇರವಾಗಿ ರನ್‌ವೇ ನೋಡಬಹುದು, ಪೆರಿಸ್ಕೋಪ್ ಬೇಕಿಲ್ಲ. 2016ರಲ್ಲಿ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಕಮಿಷನ್ ಪಡೆದ ಮೇಲೆ ಪಳಗಿದ್ದೂ ಬೀದರ್‌ನ ಹಾಕ್‌ನಲ್ಲೇ.

ಮೇಲಿನ ಮೆಟ್ಟಿಲು ಬಂತು ಅನ್ನುವಷ್ಟರಲ್ಲಿ ಕೆಳಗಿನದು ಮುರಿಯಿತು. ಹೊಸಬರು ಮೊದಲು ಹಾರಿಸುತ್ತಿದ್ದ ಎಚ್‌ಪಿಟಿ-32 ವಿಮಾನದ ಎಂಜಿನ್ ಹಾರಾಟದಲ್ಲೇ ನಿಲ್ಲುತ್ತಿತ್ತು. 2009ರ ಜುಲೈನಲ್ಲಿ ಇಬ್ಬರು ಪೈಲಟ್‌ಗಳು ತೀರಿಕೊಂಡ ಮೇಲೆ ಅದನ್ನು ನಿಲ್ಲಿಸಿದರು. ಸ್ಟೀರಿಂಗ್ ಹಿಡಿಯಲು ಕಲಿಯುವವನಿಗೆ ಲಾರಿ ಕೊಟ್ಟ ಹಾಗೆ, ಕೆಡೆಟ್‌ಗಳು ನೇರವಾಗಿ ಕಿರಣ್ ಜೆಟ್‌ನಲ್ಲೇ ಹಾರಾಟ ಕಲಿಯಬೇಕಾಯಿತು. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ತರಬೇತಿ ವಿಮಾನ ಬಂದು ಉಸಿರು ಕೊಟ್ಟಿತು. ಎಚ್‌ಎಎಲ್‌ನ ಹೊಸಬರ ವಿಮಾನ ಎಚ್‌ಟಿಟಿ-40 ಮೊದಲು ಹಾರಿದ್ದು 2016ರಲ್ಲಿ, 70 ವಿಮಾನಗಳ ಒಪ್ಪಂದ ಆಗಿದ್ದು 2023ರಲ್ಲಿ.

ಇನ್ನು ಕಿರಣ್ ಜಾಗಕ್ಕೆ ಬರಬೇಕಿದ್ದ ಎಚ್‌ಎಎಲ್‌ನ ತರಬೇತಿ ಜೆಟ್ ಸಿತಾರಾ. ಮೊದಲು ಹಾರಿದ್ದು 2003ರಲ್ಲಿ. ತೊಡಕಾಗಿದ್ದು ಸ್ಪಿನ್. ವಿಮಾನ ಹಿಡಿತ ತಪ್ಪಿ ಬುಗುರಿಯಂತೆ ತಿರುಗುತ್ತಾ ಬೀಳುವುದೇ ಸ್ಪಿನ್. ಅದರೊಳಗೆ ಬೇಕೆಂದೇ ಹೋಗಿ, ಹೊರಗೆ ಬರುವುದನ್ನು ಕೆಡೆಟ್ ಕಲಿಯಲೇಬೇಕು. ಕಲಿಸುವ ವಿಮಾನವೇ ಸರಿಯಾಗಿ ಹೊರಬರದಿದ್ದರೆ ಹೇಗೆ? ವರ್ಷಗಟ್ಟಲೆ ತಿದ್ದಿದರು. 2025ರಲ್ಲಿ ಅದಕ್ಕೆ ಯಶಸ್ ಎಂದು ಹೊಸ ಹೆಸರಿಟ್ಟರು. ಅದೇ ವರ್ಷ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಆಯಿತು. ಯಶಸ್ ಇನ್ನೂ ಕೆಡೆಟ್‌ಗಳ ಕೈ ಸೇರಿರಲಿಲ್ಲ.